ರೋಸಾಳ ಅಂಗೈಯಗಲದ ಬೇಕರಿ

ಗಲ್ಫಿನ ಅಲ್ ಬರ್ಷಾದಲ್ಲಿ ನಾನು ಉಳಿದುಕೊಂಡಿರುವುದು ಮಂಗಳೂರಿನ ನರ್ಸ್ ಲಿಲ್ಲಿಬಾಯಿಯವರ ಫ್ಲ್ಯಾಟಿನಲ್ಲಿ. ಇವತ್ತು ಸಂಜೆ ಚಹಾ ಮುಗಿಯುತ್ತಲೇ ಅವರು ನನ್ನನ್ನು ಎಬ್ಬಿಸಿದರು. "ಬನ್ನಿ, ಪಕ್ಕದ ಮನೆಯ ರೋಸಾ ಎಂಥ ಮಾಡಿದ್ದಾಳೆ ನೋಡುವ."

ರೋಸಾ ಲಾಸ್ ಏಂಜಲೀಸಿನ ಮೆಕ್ಸಿಕನ್ ಕೇರಿಯೊಂದರಲ್ಲಿ ಬೆಳೆದವಳು. ಆ ಕೇರಿಯನ್ನೇ ರಟ್ಟು, ಐಸ್‌ಕ್ರೀಮ್ ಕಡ್ಡಿಗಳಿಂದ ಊಟದ ಮೇಜಿನ ಮೇಲೆ ಕಟ್ಟಿದ್ದಳು. ಬಟ್ಟೆ ಒಗೆಯುವ ಅಂಗಡಿ, ಜೋಳ ಮಾರುವವನ ತಳ್ಳುಗಾಡಿ, ಗೋಡೆಯ ಮೇಲೆ ಬಿಡಿಸಿದ ಮೇರಿ ಮಾತೆ. ಲಿಲ್ಲಿಬಾಯಿ ಆ ಗೋಡೆಯ ಮುಂದೆ ಶಿಲುಬೆ ಗುರುತು ಹಾಕಿಕೊಂಡರು. ನಡುವೆ ಅಂಗೈಯಗಲದ ಬೇಕರಿ, ರೋಸಾಳ ತಾಯಿಯದು. ಒಳಗಿನ ಬನ್ನುಗಳು ಸಾಸಿವೆಗಿಂತ ಸ್ವಲ್ಪವೇ ದೊಡ್ಡವು. ಆದರೂ ಪ್ರತಿಯೊಂದರ ಮೇಲೆ ಚಿಪ್ಪಿನಂಥ ಗೆರೆಗಳಿದ್ದವು.

ಬಾಡಿಗೆ ಏರಿ ಕೇರಿಯವರೆಲ್ಲ ಚದುರಿಹೋದರು, ಬೇಕರಿಯೂ ಮುಚ್ಚಿತು ಎಂದಳು ರೋಸಾ. ಮರೆವಿನ ಕಾಯಿಲೆ ಹಿಡಿದ ತಾಯಿ ಈಗ ಅದೇ ಊರಿನಲ್ಲಿ, ರೋಸಾಳ ತಮ್ಮನ ಮನೆಯಲ್ಲಿದ್ದಾರೆ. ಅವರಿಗೆ ತೋರಿಸಲೆಂದು ತಮ್ಮನಿಗೆ ಬೇಕರಿಯ ಫೋಟೋ ಕಳಿಸಿದ್ದಳಂತೆ.

ನಾವಲ್ಲಿದ್ದಾಗಲೇ ವಾಯ್ಸ್ ಮೆಸೇಜ್ ಬಂತು. ಮುದುಕಿಯ ನಗು, ನಮಗೆ ತಿಳಿಯದ ಭಾಷೆಯಲ್ಲಿ ಬಿಡುವಿಲ್ಲದ ಮಾತು. ಕೇಳುತ್ತ ಕೇಳುತ್ತ ರೋಸಾಳೂ ನಕ್ಕಳು. ಆಮೇಲೆ ಅವಳ ನಗು ನಿಂತಿತು.

ಅಮ್ಮ ಏನಂದರು ಎಂದು ಲಿಲ್ಲಿಬಾಯಿ ಇಂಗ್ಲಿಷಿನಲ್ಲಿ ಕೇಳಿದರು.

"ಅಂಗಡಿಯ ಗುರುತು ಹತ್ತಿದೆ. ಒಲೆ ಎಲ್ಲಿತ್ತು ಅನ್ನುವುದೂ ನೆನಪಿದೆ," ಎಂದಳು ರೋಸಾ. "ಇದನ್ನು ಮಾಡಿದ ಹುಡುಗಿ ನಮ್ಮ ಕೇರಿಯವಳೇ ಇರಬೇಕು, ಯಾರ ಮಗಳು ಅವಳು ಅಂತ ಕೇಳುತ್ತಿದ್ದಾರೆ."

ಲಿಲ್ಲಿಬಾಯಿ ಅವಳ ಬೆನ್ನ ಮೇಲೆ ಕೈಯಿಟ್ಟರು. ರೋಸಾ ಫೋನನ್ನು ಬಾಯಿಯ ಹತ್ತಿರ ಹಿಡಿದು, ತನ್ನ ತಾಯಿಯ ಪೂರ್ತಿ ಹೆಸರನ್ನು ನಿಧಾನವಾಗಿ ಹೇಳಿದಳು.