ಕಾಕಾ ನಂಬದ ಕೆಂಪು

ಹೋದ ತಿಂಗಳು ಮಗಳ ಹಟಕ್ಕೆ ಮಣಿದು ಚಿಕ್ಕೋಡಿಯ ಪೇಟೆಯಲ್ಲಿರುವ ಸಾಕುಮೀನಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಮೀನಿನ ಆಹಾರದ ಡಬ್ಬಿ ತೆರೆದ. ಒಣಸೀಗಡಿಯ ಘಾಟು ಮೂಗಿಗೆ ಬಡಿದದ್ದೇ ತಡ, ನಿಪ್ಪಾಣಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಳಿಗೆ ಕಣ್ಣ ಮುಂದೆ ಬಂತು... ಮನೆಯ ಮಾಲಕರನ್ನು ನಾವು ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ಶಾಲೆಯಲ್ಲಿ ಕಲಿಸುವವಳೆಂದು ಅವರು ನನ್ನನ್ನು ಬಾಯಾರ ಎಂದು ಕರೆಯುತ್ತಿದ್ದರು.

ಕಾಕಾ ತಂಬಾಕಿನ ದಾಸ್ತಾನಿಡುವ ವಖಾರಿಯಲ್ಲಿ ಎಲೆಯ ಬಣ್ಣ ನೋಡಿ ದರ್ಜೆ ಹೇಳುವ ಕೆಲಸ ಮಾಡಿ ನಿವೃತ್ತರಾದವರು. ಮೇಲೆ ಚೆಂದದ ಎಲೆ ಇಟ್ಟು ಒಳಗೆ ಕೆಟ್ಟ ಎಲೆ ತುರುಕಿದ ಕಟ್ಟುಗಳನ್ನು ಬದುಕಿಡೀ ಬಿಚ್ಚಿದ್ದಕ್ಕೋ ಏನೋ, ಅವರಿಗೆ ಯಾವ ಬಣ್ಣದ ಮೇಲೂ ನಂಬಿಕೆ ಇರಲಿಲ್ಲ. ನನ್ನ ತವರಿನಿಂದ ಬಂದ ಅರಿಶಿನವನ್ನು ಪ್ರೀತಿಯಿಂದ ಕೊಟ್ಟರೆ, ನನ್ನೆದುರಿಗೇ ಅದನ್ನು ಬಿಳಿ ಕಾಗದದ ಮೇಲೆ ತಿಕ್ಕಿ ನೋಡಿದ್ದರು.

ನಿವೃತ್ತಿಯಾದ ಮೇಲೆ ಅವರಿಗೆ ಸಿಕ್ಲಿಡ್ ಎಂಬ ಬಣ್ಣದ ಮೀನುಗಳನ್ನು ಸಾಕುವ ಹುಚ್ಚು ಹತ್ತಿತು. ಕೊಲ್ಹಾಪುರದಿಂದ ತಂದ ಮೊದಲ ಮೀನುಗಳು ಕೆಂಡದಂತಿದ್ದವು; ಕೆಲವೇ ವಾರಗಳಲ್ಲಿ ಬೂದಿ ಬಣ್ಣಕ್ಕೆ ತಿರುಗಿದವು. ಸಣ್ಣ ಮರಿಗಳಿಗೆ ಹಾರ್ಮೋನು ಬೆರೆಸಿದ ಆಹಾರ ಹಾಕಿ, ಬಣ್ಣ ಬರಿಸಿ ಮಾರುತ್ತಾರೆಂದು ಆಮೇಲೆ ತಿಳಿಯಿತು.

"ಮೀನಿನ್ಯಾಗೂ ಮೋಸಾ ಮಾಡ್ತಾರಲ್ರಿ ಬಾಯಾರ, ಮೀನಿನ್ಯಾಗೂ!" ಎಂದು ಕಾಕಾ ಹಲ್ಲು ಕಡಿದರು.

ಅಂದಿನಿಂದ ಅವರದು ಒಂದೇ ಹಟ. ತಮ್ಮ ಮಾಳಿಗೆಯಲ್ಲೇ ಹುಟ್ಟಿ, ತಾನಾಗಿಯೇ ಬಣ್ಣ ಪಡೆದ, ನೀಲಿ ಮುಖದ, ಕೆಂಪು ಮೈಯ ಗಂಡು ಮೀನು ಬೇಕು. ಗಾಜಿನ ತೊಟ್ಟಿಗಳು ಸಾಲುಗಟ್ಟಿದವು. ಆರಿಸಿ ಜೋಡಿ ಮಾಡಿದರು. ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಉಪವಾಸವಿರುವುದನ್ನು ನೋಡುತ್ತ ಕಾಕು ಸಂಜೆಹೊತ್ತು ಅವರ ಪಕ್ಕ ಕೂರುತ್ತಿದ್ದರು. ಮರಿಗಳು, ಮರಿಗಳ ಮರಿಗಳು ಬಂದವು... ಎಲ್ಲ ಮಾಸಿದ ನೀಲಿ, ಇಲ್ಲವೇ ಸಪ್ಪೆ ಕಿತ್ತಳೆ.

ಹೀಗಿರುವಾಗ ಅಥಣಿಯಲ್ಲಿದ್ದ ತಂಗಿಗೆ ಹುಷಾರಿಲ್ಲವೆಂದು ಕಾಕಾ ಹೋಗಬೇಕಾಯಿತು. ಮೀನುಗಳ ಜವಾಬ್ದಾರಿ ಕಾಕು ಮೇಲೆ ಬಿತ್ತು. ಕಾಕಾ ಅಥಣಿಯಲ್ಲಿ ಕೆಲವು ವಾರ ಉಳಿದರು. ತಿರುಗಿ ಬಂದು ಮಾಳಿಗೆ ಹತ್ತಿದರೆ, ಇನ್ನೂ ಬಣ್ಣ ಬರದ ಬೂದಿ ಮರಿಗಳ ನಡುವೆ ಒಂದರ ಹೆಗಲ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು!

ಅವರು ಹಿಗ್ಗಲಿಲ್ಲ. ಸರಸರ ಇಳಿದು ಬಂದರು. ನಾನು ಕಾಕು ಜತೆ ಚಹಾ ಕುಡಿಯುತ್ತ ಕೂತಿದ್ದೆ.

"ಏನ ಹಾಕಿದಿ ಅವಕ್ಕ?"

"ಏನ ಹಾಕೂದ್ರಿ? ನೀವು ಇಟ್ಟ ಹೋಗಿದ್ದನ್ನ ಹಾಕೀನಿ."

"ಅಷ್ಟ ಹಾಕಿದ್ರ ಇಷ್ಟ ಲಗೂ ಬಣ್ಣಾ ಬರತೈತೇನು? ಯಾರ್ ಕೊಟ್ರು? ಖರೇ ಹೇಳು."

ಕಾಕು ಚಹಾದ ಕಪ್ ಕೆಳಗಿಟ್ಟು ಒಳಗೆ ಹೋದರು. ಕಾಕಾ ನನ್ನತ್ತ ತಿರುಗಿ, "ನೀವೇನರ ನೋಡೀರೇನ್ರಿ?" ಎಂದರು. ನಾನೇನೂ ನೋಡಿರಲಿಲ್ಲ. ಆದರೂ ನನ್ನೊಳಗೆ ಗುಮಾನಿ ಹೊಕ್ಕಿತು. ಗಂಡನ ಹಟ ಒಮ್ಮೆಯಾದರೂ ಗೆಲ್ಲಲಿ ಎಂದು ಆಕೆ ಏನಾದರೂ ಬೆರೆಸಿದ್ದರೆ?

ಕಾಕಾ ಆ ಮೀನನ್ನು ಬೇರೆ ತೊಟ್ಟಿಗೆ ಹಾಕಿ, ದಿನವೂ ಹಾಕುತ್ತಿದ್ದ ಒಣಸೀಗಡಿ ನಿಲ್ಲಿಸಿ, ಸಾದಾ ಕಾಳು ಮಾತ್ರ ಕೊಟ್ಟರು. ಹಾರ್ಮೋನಿನ ಬಣ್ಣವಾದರೆ ಇಳಿಯಲೇಬೇಕು. ಮಾಳಿಗೆಯ ಬಾಗಿಲಿಗೆ ಕೀಲಿ ಬಿತ್ತು. ನಾನು ಬಟ್ಟೆ ಒಣಹಾಕಲು ಹೋದರೂ ಹಿಂದೆಯೇ ಬಂದು ನಿಲ್ಲುತ್ತಿದ್ದರು.

"ಇಷ್ಟ ವರ್ಷ ನನ್ನ ಕೈಯಾಗಿಂದು ಉಂಡಾರ," ಎಂದು ಕಾಕು ಒಂದು ದಿನ ನನ್ನೆದುರು ಅತ್ತರು. "ಈಗ ಮೀನಿಗೆ ಹಾಕಿದ್ದರಾಗ ಸಂಶೇ ಬಂತು."

ತಿಂಗಳುಗಳು ಉರುಳಿದವು. ಕೆಂಪು ಇಳಿಯಲಿಲ್ಲ. ಹೆಗಲಿಂದ ಬಾಲದವರೆಗೆ ಹಬ್ಬಿ ಗಟ್ಟಿಯಾಯಿತು, ಮುಖ ನೀಲಿಯಾಯಿತು. ಕೊನೆಗೊಂದು ಮುಂಜಾನೆ ಕಾಕಾ ಮೆಟ್ಟಿಲ ಮೇಲಿಂದಲೇ ಕೂಗಿದರು: "ಲಗೂ ಬಾ ಇಲ್ಲೆ! ಖರೇ ಬಣ್ಣಾನ ಐತಿ!"

ಕಾಕು ಮಾಳಿಗೆ ಹತ್ತಲಿಲ್ಲ. ಕೆಳಗೇ ನಿಂತು ಮೆಲ್ಲಗೆ ಕೇಳಿದರು:

"ಬಣ್ಣಾ ಹೋಗಿದ್ರ, ನನಗ ಏನಂತಿದ್ರಿ?"

ಕಾಕಾ ತಿರುಗಿ ಮಾಳಿಗೆ ಹತ್ತಿದರು. ಸಂಜೆಗೆ ಕೀಲಿ ತೆಗೆದಿಟ್ಟರು. ಆದರೆ ಕಾಕು ಮತ್ತೆ ಅವರ ಪಕ್ಕ ಹೋಗಿ ಕೂತದ್ದನ್ನು ನಾನು ಕಾಣಲಿಲ್ಲ... ಮರುವರ್ಷ ನಮಗೆ ವರ್ಗವಾಯಿತು. ಆಮೇಲೊಂದು ದಿನ ಕಾಕಾ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಅವರ ಮಣ್ಣಿಗೆ ಹೋಗಲಾಗಲಿಲ್ಲ.

ಅಂಗಡಿಯಿಂದ ಬಂದ ಮರುವಾರ ನಿಪ್ಪಾಣಿಗೆ ಹೋದೆ. ಮೀನುಗಳನ್ನೆಲ್ಲ ಸದಲಗಾದ ನೆಂಟರಿಗೆ ಕೊಟ್ಟಾಗಿತ್ತು. ಮಾತಾಡುತ್ತ ಆಡುತ್ತ, ಇಷ್ಟು ವರ್ಷ ಗಂಟಲಲ್ಲೇ ಉಳಿದಿದ್ದ ಪ್ರಶ್ನೆ ನನ್ನ ಬಾಯಿಂದ ಜಾರಿತು.

"ಕಾಕು, ಖರೇನ ನೀವು ಏನೂ ಹಾಕಿದ್ದಿಲ್ಲೇನ್ರಿ?"

ಕಾಕು ನನ್ನನ್ನೇ ನೋಡಿದರು. ಸಿಟ್ಟಾದರೆಂದು ಹೆದರಿದೆ. ಆದರೆ ಅವರು ಜೋರಾಗಿ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವರು ಹೋದ ಮ್ಯಾಲ," ಎಂದರು, "ನನಗ ಹಿಂಗ ಕೇಳಾವ್ರ ಯಾರೂ ಇದ್ದಿಲ್ರಿ ಬಾಯಾರ."