ಬುಧವಾರದ ಹನ್ನೊಂದು ನಿಮಿಷ

ಫ್ರಾನ್ಸಿನಲ್ಲಿ ನನ್ನ ಕೆಲಸ ಮಾತಾಡುವುದು. ವಾರಕ್ಕೆ ಹನ್ನೆರಡು ಗಂಟೆ, ಹದಿನಾರು ಹದಿನೇಳರ ಹುಡುಗ ಹುಡುಗಿಯರ ಮುಂದೆ ಕೂತು ಇಂಗ್ಲಿಷ್ ಮಾತಾಡಬೇಕು, ಅವರ ಬಾಯಿ ಬಿಡಿಸಬೇಕು. ಪಾಠ ಮಾಡುವ ಶಿಕ್ಷಕಿ ಬೇರೆ ಇದ್ದರು. ನಾನು ಭಾಷಾ ಸಹಾಯಕಿ. ವ್ಯಾಕರಣ ಅವರದು, ನಾಲಿಗೆ ನನ್ನದು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಏಳು ತಿಂಗಳು.

ಅದಕ್ಕೆ ಮೊದಲು ಎರಡು ವರ್ಷ ದೇವದುರ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅವ್ವನ ತಂಗಿ, ನನ್ನ ಸಣ್ಣವ್ವ, ಅದೇ ಊರಿನಲ್ಲಿರುವುದರಿಂದ ಉಳಿಯಲು ತೊಂದರೆಯಿರಲಿಲ್ಲ. ಹೈದರಾಬಾದಿನಲ್ಲಿ ಓದುವಾಗ ಕಲಿತ ಫ್ರೆಂಚ್ ನೆಚ್ಚಿಕೊಂಡು ಅರ್ಜಿ ಹಾಕಿದ್ದೆ, ಸಿಕ್ಕಿಬಿಟ್ಟಿತು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಹೋಗಿದ್ದ. ಅವ್ವ ಮಾನ್ವಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಸುದ್ದಿ ಹೇಳಿದಾಗ ಬೆರಳು ಮಡಚಿ ಎಣಿಸಿದಳು. "ಏಳು ತಿಂಗಳಂದ್ರ ಒಂದೂವರಿ ಬೆಳಿ. ಹೋಗಿ ಬಾ," ಎಂದಳು. ಕಾಲುವೆ ಕೆಳಗಿನ ಊರಿನವರಿಗೆ ಕಾಲ ಭತ್ತದ ಲೆಕ್ಕದಲ್ಲೇ ಸಾಗುತ್ತದೆ.

ನಾನು ಹೋದ ಊರು ಸಣ್ಣದು. ಮಂಜು ಹೊಳೆಯಿಂದ ಎದ್ದು ಬಂದು ಮಧ್ಯಾಹ್ನವಾದರೂ ಓಣಿ ಬಿಟ್ಟು ಹೋಗುತ್ತಿರಲಿಲ್ಲ. ಊಟದ ಹೊತ್ತಿಗೆ ಎಲ್ಲ ಮನೆಗಳ ಕಿಟಕಿಗೂ ಮರದ ಹಲಗೆ ಬೀಳುತ್ತಿತ್ತು. ಆಗ ಬೀದಿಯಲ್ಲಿ ನಡೆದರೆ ನನ್ನ ಚಪ್ಪಲಿಯ ಸದ್ದೊಂದೇ ಕೇಳಿಸುತ್ತಿತ್ತು. ಒಮ್ಮೊಮ್ಮೆ ಅದು ನನಗಿಂತ ಒಂದು ಹೆಜ್ಜೆ ಹಿಂದೆ ಬಿದ್ದಂತೆ ಅನಿಸುತ್ತಿತ್ತು. ಜೊತೆಗೆ ಸ್ಪ್ಯಾನಿಷ್ ಸಹಾಯಕಿಯಾಗಿ ಬಂದಿದ್ದ ಮೆಕ್ಸಿಕೊದ ಹುಡುಗಿ ಒಬ್ಬಳೇ ಗೆಳತಿ. ಶನಿವಾರದ ಸಂತೆಯಲ್ಲಿ ಇಬ್ಬರೂ ಖಾರವಿರುವ ಮೆಣಸಿನಕಾಯಿ ಹುಡುಕುತ್ತಿದ್ದೆವು. ಸಿಕ್ಕರೆ ಅವಳ ಕೋಣೆಯಲ್ಲಿ ಅಡುಗೆ, ಸಿಗದಿದ್ದರೆ ಬರೀ ಚಹಾ.

ನನ್ನ ಕೋಣೆ ಶಾಲೆಯ ಹೆಣ್ಣುಮಕ್ಕಳ ವಸತಿಯಲ್ಲಿ, ಮೊದಲ ಮಹಡಿಯ ಉದ್ದನೆಯ ಕಾರಿಡಾರಿನ ತುದಿಗೆ ಇತ್ತು. ಪಕ್ಕದ್ದು ಹುಡುಗಿಯರು ಓದುವ ಕೋಣೆ. ನಡುವಿನ ಗೋಡೆ ಎಷ್ಟು ತೆಳುವೆಂದರೆ ಆ ಕಡೆ ಕುರ್ಚಿ ಎಳೆದರೆ ನನ್ನ ಮೇಜಿನ ಮೇಲಿನ ಲೋಟ ನಡುಗುತ್ತಿತ್ತು. ಬುಧವಾರ ಮಧ್ಯಾಹ್ನ ತರಗತಿಗಳಿರುತ್ತಿರಲಿಲ್ಲ. ಎಲ್ಲ ಊರೊಳಗೆ ಹೋಗಿಬಿಡುತ್ತಿದ್ದರು. ಆಗ ಒಂದು ಗಂಟೆಗೆ ನಾನು ಅವ್ವನಿಗೆ ಫೋನ್ ಮಾಡುತ್ತಿದ್ದೆ. ಮಾನ್ವಿಯಲ್ಲಿ ಸಂಜೆ ಐದೂವರೆ. ಅವ್ವ ಫೋನನ್ನು ಕಿಟಕಿಯಲ್ಲಿಟ್ಟು ರೊಟ್ಟಿ ಬಡಿಯುತ್ತಲೇ ಮಾತಾಡುತ್ತಿದ್ದಳು. ಭಾನುವಾರ ಇನ್ನೊಮ್ಮೆ.

"ಉಂಡೀಯೇನು?"

"ಹೂಂ ಯವ್ವಾ, ಉಂಡೆ."

"ಚಳಿ ಅದಯೇನು?"

"ಇಲ್ಲಬೇ, ಕೋಟ್ ಹಾಕ್ಕೊಂಡೀನಿ."

"ಚಲೋ ಇರು."

"ಆತು, ಇಡ್ಲೇನು?"

ಹೆಚ್ಚೆಂದರೆ ಮೂರು ನಿಮಿಷ. ವಾರ ವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಅವ್ವ ಇನ್ನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾನು ಇಡುತ್ತಿದ್ದೆ. ಅವಸರವೇನೂ ಇರುತ್ತಿರಲಿಲ್ಲ. ಅವಳ ದನಿ ಹೆಚ್ಚು ಹೊತ್ತು ಕೇಳಿದರೆ ಆ ಕೋಣೆಯಲ್ಲಿ ಉಳಿಯುವುದು ಕಷ್ಟವಾಗುತ್ತಿತ್ತು, ಅಷ್ಟೆ.

ನನ್ನ ಒಂದು ಗುಂಪಿನಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳಿದ್ದಳು. ಹದಿನಾರು ವರ್ಷ, ತೆಳ್ಳಗೆ, ಬಣ್ಣ ಹೋದ ಹಸಿರು ಸ್ವೆಟರು. ಕಿಟಕಿಯ ಪಕ್ಕ ಕೂತು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನವೆಂಬರಿನಲ್ಲಿ ಒಂದು ದಿನ ಮಾನ್ವಿ ಬಸ್ ನಿಲ್ದಾಣದ ಫೋಟೊ ತೋರಿಸಿ, ನಮ್ಮೂರಿನ ಬಸ್ಸುಗಳು ಯಾವಾಗಲೂ ತುಂಬಿರುತ್ತವೆ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿ, ತಿರುಗಿ ಹೇಳಿ ಎಂದೆ. ಎಲ್ಲರೂ ಅವರವರ ಫ್ರೆಂಚ್ ಬಾಯಲ್ಲಿ ಹೇಳಿದರು. ಕೊನೆಗೆ ಈ ಹುಡುಗಿ ಹೇಳಿದಳು. ಹೇಳಿದ್ದು ನನ್ನ ದನಿಯಲ್ಲಿ. ರಕಾರದ ಒತ್ತು, 'ಬಸ್' ಅನ್ನುವ ನಮ್ಮ ರಾಯಚೂರಿನ ರೀತಿ, ವಾಕ್ಯದ ಕೊನೆಗೆ ನಾನು ಉಸಿರು ಬಿಡುವುದು, ಎಲ್ಲವೂ ಹಾಗೇ ಇತ್ತು. ಉಳಿದವರು ನಕ್ಕರು. ಅವಳು ನಗಲಿಲ್ಲ.

ಶಿಕ್ಷಕಿಗೆ ಖುಷಿಯೋ ಖುಷಿ. "ಎರಡು ವರ್ಷದಿಂದ ಒಂದು ಶಬ್ದ ಆಡಿರಲಿಲ್ಲ," ಎಂದರು. ಆರು ವರ್ಷದವಳಿದ್ದಾಗಿನಿಂದ ಅವಳು ಬೇರೆಯವರ ಮನೆಗಳಲ್ಲಿ ಬೆಳೆದವಳಂತೆ, ಈಗ ನಮ್ಮ ವಸತಿಯಲ್ಲೇ ಇದ್ದಳು. ತಾಯಿ ಎಲ್ಲೋ ಇದ್ದಾಳೆ, ಬರುವುದಿಲ್ಲ, ಫೋನೂ ಮಾಡುವುದಿಲ್ಲ.

ಅದಾಗಿ ಎರಡು ಮೂರು ವಾರಕ್ಕೆ, ಒಂದು ಬುಧವಾರ ಸಂಜೆ ನಾಲ್ಕರ ಹೊತ್ತು. ಅವ್ವನ ಜೊತೆ ಮಾತು ಮುಗಿದು ಮೂರು ತಾಸಾಗಿತ್ತು. ಮೇಜಿಗೆ ಕೂತು ಏನೋ ಬರೆಯುತ್ತಿದ್ದೆ. ಗೋಡೆಯ ಆ ಕಡೆಯಿಂದ ನನ್ನ ಮಾತು ಕೇಳಿಸಿತು.

"ಹೂಂ ಯವ್ವಾ, ಉಂಡೆ."

ಸ್ವಲ್ಪ ಬಿಡುವು.

"ಇಲ್ಲಬೇ, ಕೋಟ್ ಹಾಕ್ಕೊಂಡೀನಿ."

ಮತ್ತೆ ಬಿಡುವು. ಆ ಬಿಡುವು ಅವ್ವನ ಪ್ರಶ್ನೆಯಷ್ಟೇ ಉದ್ದವಿತ್ತು. ಕೈ ತಾನಾಗಿ ಫೋನಿನ ಮೇಲೆ ಹೋಯಿತು. ಅದು ಆಫಾಗಿ ತಣ್ಣಗಿತ್ತು. ಎದ್ದು ಪಕ್ಕದ ಕೋಣೆಗೆ ಹೋದೆ. ಯಾರೂ ಇರಲಿಲ್ಲ. ಒಂದು ಕುರ್ಚಿ ಮಾತ್ರ ಗೋಡೆಗೆ ಅಂಟಿಕೊಂಡಂತೆ ಇತ್ತು, ಮುಟ್ಟಿದರೆ ಬೆಚ್ಚಗಿತ್ತು. ಇನ್ನೊಂದು ಬಾಗಿಲು ಮೆಟ್ಟಿಲಿನ ಕಡೆ ತೆರೆದೇ ಇತ್ತು.

ಮೆಕ್ಸಿಕೊದ ಗೆಳತಿಗೆ ಹೇಳಿದಾಗ, "ಮೊದಲ ಚಳಿಗಾಲದಲ್ಲಿ ನಮ್ಮ ಭಾಷೆ ನಮ್ಮ ಕಿವಿಯಲ್ಲೇ ಗುಂಯ್‌ಗುಡುತ್ತದೆ, ನನಗೂ ಆಗುತ್ತದೆ," ಎಂದಳು. ನಂಬಿದೆ. ನಂಬಿದ್ದರಿಂದ ನಿದ್ದೆ ಬಂತು.

ಜನವರಿಯಲ್ಲಿ ಮಕ್ಕಳಿಗೆ ಮೌಖಿಕ ಪರೀಕ್ಷೆಯ ತಯಾರಿ. ಒಂದು ಬುಧವಾರ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ತರಗತಿಯಲ್ಲಿರಬೇಕಿತ್ತು. ಈ ಬುಧವಾರ ಫೋನ್ ಮಾಡುವುದಿಲ್ಲ ಎಂದು ಅವ್ವನಿಗೆ ಮೊದಲೇ ಹೇಳಿದ್ದೆ. ಫೋನನ್ನು ಕೋಣೆಯಲ್ಲೇ ಚಾರ್ಜಿಗೆ ಹಾಕಿ ಹೋದೆ. ಬಾಗಿಲಿಗೆ ಬೀಗ ಹಾಕುವ ಅಭ್ಯಾಸವಿರಲಿಲ್ಲ. ಫೋನಿಗೂ ಇರಲಿಲ್ಲ, ಮಾನ್ವಿಯ ಮನೆಯಲ್ಲಿ ಒಂದೇ ಫೋನನ್ನು ಎಲ್ಲರೂ ಬಳಸಿದ ರೂಢಿ.

ಭಾನುವಾರ ಅವ್ವ ತಾನಾಗಿ ಮಾತು ತೆಗೆದಳು.

"ದವಾಖಾನಿಗೆ ಹೋಗೂದು ಗುರುವಾರ ಅಂತ ಆಗ್ಯಾದ."

"ಯಾವ ದವಾಖಾನಿ? ಯಾರಿಗಿ ಏನಾಗ್ಯಾದ?"

"ಬುಧವಾರ ಎಲ್ಲಾ ಹೇಳಿದ್ನಲ್ಲ."

"ಬುಧವಾರ ನಾ ಫೋನ ಮಾಡಿಲ್ಲಬೇ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ಅವ್ವ ಮೆಲ್ಲಗೆ, "ಹುಚ್ಚಿ, ಹಂಗ ಯಾಕ ಅಂತಿ. ನಾ ಹೇಳೋತನಕ ಸುಮ್ನ ಕೇಳಿದಿ. ಹೂಂ ಅಂದಿ," ಎಂದಳು.

"ಏನ್ ಹೇಳಿದ್ದಿ? ಮತ್ತೊಮ್ಮಿ ಹೇಳು."

"ಒಮ್ಮಿ ಹೇಳಾಕ ಎರಡು ವರ್ಷ ಹಿಡೀತು ನನಗ. ಮತ್ತ ಹೇಳಾಕ ಬಾಯಿ ಬರಂಗಿಲ್ಲ," ಎಂದು ಇಟ್ಟುಬಿಟ್ಟಳು.

ಫೋನಿನಲ್ಲಿ ಹುಡುಕಿದೆ. ಬುಧವಾರ, ಒಂದು ಗಂಟೆ ನಾಲ್ಕು ನಿಮಿಷಕ್ಕೆ ಅವ್ವನಿಗೆ ಹೋದ ಕರೆ. ಹನ್ನೊಂದು ನಿಮಿಷ.

ಮಂಚದ ಮೇಲೆ ಕೂತೆ. ಯಾರಿರಬಹುದು ಎಂದು ಹುಡುಕುವ ಅಗತ್ಯವೇ ಇರಲಿಲ್ಲ. ನನ್ನನ್ನು ಹಿಂಡಿದ್ದು ಬೇರೆ. ಅವ್ವನಿಗೆ ನಾನು ಆಡುತ್ತಿದ್ದ ಮಾತು ಎಷ್ಟು ಕಡಿಮೆಯಿತ್ತೆಂದರೆ, ಕನ್ನಡದ ಗಂಧವಿಲ್ಲದ ಹುಡುಗಿಯೊಬ್ಬಳು ಅದನ್ನು ಎರಡು ತಿಂಗಳಲ್ಲಿ ಕಲಿತು ಮುಗಿಸಿದ್ದಳು.

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಾಗ ಅವಳು ಓದುವ ಕೋಣೆಯಲ್ಲಿ ಒಬ್ಬಳೇ ಸಿಕ್ಕಳು. ಫ್ರೆಂಚಿನಲ್ಲಿ ಕೇಳಿದೆ: ನನ್ನ ಕೋಣೆಗೆ ಹೋಗಿದ್ದೆಯಾ, ನನ್ನ ಫೋನ್ ತೆಗೆದಿದ್ದೆಯಾ. ತಲೆ ತಗ್ಗಿಸಿದಳು. ಇಲ್ಲ ಅನ್ನಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಫ್ರೆಂಚ್ ಜಾರಿ ಹೋಯಿತು.

"ಏನಂದ್ಳು ನಮ್ಮವ್ವ?"

ತಟ್ಟನೆ ಉತ್ತರ ಬಂತು, ನನ್ನ ದನಿಯಲ್ಲೇ. "ಹೂಂ ಯವ್ವಾ."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳಿಗೂ ತಾನು ಅಂದದ್ದು ಕೇಳಿ ಅಂಜಿಕೆಯಾದಂತಿತ್ತು; ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು.

ಪುಟ ಪುಟ ಫ್ರೆಂಚ್ ಅಕ್ಷರ, ಆದರೆ ಫ್ರೆಂಚ್ ಅಲ್ಲ. ಕಣ್ಣಿಂದ ಓದಿದರೆ ಯಾವ ಭಾಷೆಯೂ ಅಲ್ಲ. ತುಟಿ ಅಲ್ಲಾಡಿಸಿ ಮೆಲ್ಲಗೆ ಓದಿದೆ. ನನ್ನ ಬಾಯಿಂದ ಅವ್ವ ಮಾತಾಡತೊಡಗಿದಳು. ಅಲ್ಲಲ್ಲಿ ಹರಿದಿತ್ತು, ಶಬ್ದಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆದರೂ ತಿಳಿಯಿತು. ಹೊಟ್ಟ್ಯಾಗ ಗಂಟು ಅದ ಅಂತಾರ. ಎರಡು ವರ್ಷಾತು. ರಾಯಚೂರಾಗ ತೋರ್ಸೀನಿ. ತಗೀಬೇಕಂತ. ಅಂಜಿಕಿ ಆಗಾಕತ್ಯಾದ. ನೀ ಏನಂತಿ, ಹೋಗ್ಲೇನು?

ಆ ಪುಟದ ಕೆಳಗೆ, ಬೇರೆ ಬಣ್ಣದ ಶಾಯಿಯಲ್ಲಿ, ಅವಳು ಕೊಟ್ಟ ಉತ್ತರವಿತ್ತು. ಹೂಂ ಯವ್ವಾ.

'ಅಂಜಿಕಿ' ಎಂದು ಓದುವಾಗ ಹುಡುಗಿ ಅಲ್ಲವೆಂದು ತಲೆಯಾಡಿಸಿದಳು. ನಾನು ತಪ್ಪು ಓದಿದೆ ಎಂಬಂತೆ ಗಂಟಲು ಮುಟ್ಟಿಕೊಂಡು ತಾನು ಹೇಳಿ ತೋರಿಸಿದಳು. ಶಬ್ದ ನಡುವೆ ಒಡೆದು, ಕೊನೆಯ ಅಕ್ಷರ ಬರೀ ಉಸಿರಾಗಿ ಬಂತು. ಅವ್ವ ಹಾಗೆ ಹೇಳಿದ್ದಳು. ಅವ್ವನ ಬಾಯಲ್ಲಿ ಆ ಶಬ್ದವನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಅಲ್ಲಿಂದಲೇ, ಆ ಹುಡುಗಿಯ ಮುಂದೆಯೇ, ಮಾನ್ವಿಗೆ ಫೋನ್ ಮಾಡಿದೆ. ನಾ ಬರೋತನಕ ತಡಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಮೊದಲೇ ಅಂದಳು: "ನೀ ಹೂಂ ಅಂದಿ ಅಂತ ಹೊಂಟೀನಿ ನೋಡು. ಇಲ್ಲಂದ್ರ ಹೋಗ್ತಿದ್ದಿಲ್ಲ."

ಆ ಹೂಂ ಅನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? "ಸಣ್ಣವ್ವನ್ನ ಕರಕೊಂಡು ಹೋಗು," ಎಂದಷ್ಟೇ ಹೇಳಿದೆ.

ಗುರುವಾರ ದೇವದುರ್ಗದಿಂದ ಸಣ್ಣವ್ವ ಬೆಳಗಿನ ಬಸ್ಸಿಗೆ ರಾಯಚೂರಿಗೆ ಹೋದಳು. ನನಗೆ ಅಂದು ಬೆಳಿಗ್ಗೆ ತರಗತಿ ಇತ್ತು. ಏನು ಪಾಠ ಹೇಳಿದೆನೋ ಗೊತ್ತಿಲ್ಲ. ಆ ಹುಡುಗಿ ಕಿಟಕಿಯ ಪಕ್ಕ ಎಂದಿನಂತೆ ನನ್ನ ತುಟಿ ನೋಡುತ್ತಾ ಕೂತಿದ್ದಳು. ಹತ್ತು ಗಂಟೆಯ ಬಿಡುವಿನಲ್ಲಿ ಸಣ್ಣವ್ವನ ಫೋನ್ ಬಂತು.

"ಆಪರೇಷನ್ ಆತು. ಅಕ್ಕ ಕಣ್ಣು ತೆರದಾಳ, ನೀರು ಕೇಳಾಕತ್ತಾಳ. ಇನ್ನೆರಡು ತಿಂಗಳು ಬಿಟ್ಟಿದ್ರ ಕಷ್ಟಿತ್ತು ಅಂತ ಡಾಕ್ಟ್ರು ಅಂದ್ರು."

ಎರಡು ತಿಂಗಳು. ನಾನಾಗಿದ್ದರೆ ಮೂರು ತಿಂಗಳು ತಡಿ ಅನ್ನುತ್ತಿದ್ದೆ. ಕಾರಿಡಾರಿನಲ್ಲಿ ಆ ಹುಡುಗಿ ನಿಂತಿದ್ದಳು. ಅವ್ವ ಆರಾಮ ಇದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಅದನ್ನೇ, ನನ್ನ ದನಿಯಲ್ಲೇ, ನನಗೆ ತಿರುಗಿ ಹೇಳಿದಳು. ತರಗತಿಯ ಅಭ್ಯಾಸವಿರಬೇಕು.

ನಾನು ಯಾರಿಗೂ ದೂರು ಕೊಡಲಿಲ್ಲ. ಕೊಟ್ಟಿದ್ದರೆ ಅವಳನ್ನು ವಸತಿಯಿಂದ ಬಿಡಿಸಿ ಇನ್ನಾವುದೋ ಮನೆಗೆ ಕಳಿಸುತ್ತಿದ್ದರು. ಕೋಣೆಗೆ ಬೀಗ ಹಾಕತೊಡಗಿದೆ, ಫೋನಿಗೂ ಹಾಕಿದೆ. ಬುಧವಾರ ಕೆಳಗಿನ ಅಂಗಳಕ್ಕೆ ಹೋಗಿ, ಎಲೆಯಿಲ್ಲದ ಮರದ ಕೆಳಗೆ ನಿಂತು ಮಾತಾಡುತ್ತಿದ್ದೆ. ಒಮ್ಮೆ ತಲೆಯೆತ್ತಿ ನೋಡಿದರೆ ಮೊದಲ ಮಹಡಿಯ ಕಿಟಕಿಯಲ್ಲಿ ಅವಳಿದ್ದಳು. ಗಾಜಿನ ಹಿಂದೆ ಅವಳ ತುಟಿಗಳು ನನ್ನ ಜೊತೆಗೇ ಆಡುತ್ತಿದ್ದವು. ನಾನು ನಿಲ್ಲಿಸಿದೆ. ಅವೂ ನಿಂತವು. ಮುಂದಿನ ಬುಧವಾರ ಬೆನ್ನು ತಿರುಗಿಸಿ ನಿಂತೆ. ಬೆನ್ನಿಗೆ ಅವಳ ನೋಟ ತಾಗುತ್ತಲೇ ಇತ್ತು, ಏಪ್ರಿಲ್‌ವರೆಗೆ.

ನಾನು ಊರಿಗೆ ಬಂದ ಮೇಲೆ ಶಿಕ್ಷಕಿ ಒಮ್ಮೆ ಪತ್ರ ಬರೆದರು. ಹುಡುಗಿ ಮೌಖಿಕ ಪರೀಕ್ಷೆಯಲ್ಲಿ ಚೆನ್ನಾಗಿ ಮಾತಾಡಿದಳಂತೆ. ಪರೀಕ್ಷಕರು, ನೀನು ಭಾರತದಲ್ಲಿ ಎಷ್ಟು ವರ್ಷ ಇದ್ದೆ ಎಂದು ಕೇಳಿದರಂತೆ. ಶಿಕ್ಷಕಿ ಅದನ್ನು ತಮಾಷೆ ಎಂದು ಬರೆದಿದ್ದರು.

ಈಗ ನಾನು ರಾಯಚೂರಿನಲ್ಲಿ ಪಾಠ ಮಾಡುತ್ತೇನೆ, ಶನಿವಾರ ಬಸ್ ಹತ್ತಿ ಮಾನ್ವಿಗೆ ಹೋಗುತ್ತೇನೆ. ಊರಿಗೆ ಮರಳಿದ ಹೊಸದರಲ್ಲಿ ಒಂದು ಮಧ್ಯಾಹ್ನ ಊಟವಾದ ಮೇಲೆ ಅವ್ವ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದಳು. ಗಾಯ ಮಾಗಿ ಕೆಲಸಕ್ಕೆ ಹೋಗತೊಡಗಿದ್ದಳು.

"ಅಕಿ ಹ್ಯಾಂಗದಾಳ?" ಎಂದಳು.

"ಯಾಕಿ?"

"ಬುಧವಾರ ಮಾತಾಡಿದಾಕಿ."

ಅವ್ವ ನನ್ನ ಮುಖ ನೋಡದೆ ಮುಂದುವರಿಸಿದಳು.

"ಮೊದಲ ನೀನ ಅನ್ಕೊಂಡೆ. ಸ್ವಲ್ಪ ಹೊತ್ತಿಗಿ ಗೊತ್ತಾತು. ನೀ ಅಷ್ಟೊತ್ತು ಸುಮ್ನ ಕೇಳಾಕಿ ಅಲ್ಲ."

"ಗೊತ್ತಾದ ಮ್ಯಾಲೂ ಹೇಳಿದಿ?"

"ಗೊತ್ತಾತು ಅಂತನ ಹೇಳಿದೆ. ನಿನಗ ಹೇಳಿದ್ರ ನೀ ಬರ್ತೀನಿ ಅಂತ ಕುಂದ್ರತಿದ್ದಿ. ಸಣ್ಣವ್ವಗ ಹೇಳಿದ್ರ ಊರಿಗೆಲ್ಲಾ ಹೇಳ್ತಿದ್ಲು."

"ಯಾರಂತ ತಿಳ್ಕೊಂಡಿ ಮತ್ತ?"

"ಯಾರರ ಇರ್ಲಿ. ಯವ್ವಾ ಅಂತು," ಎಂದಳು. ಆಮೇಲೆ, "ಕಡೀಕ ಅಳಾಕತ್ತಿತ್ತು. ಸಪ್ಪಳ ಇಲ್ದಂಗ. ನಾನ ಸಮಾಧಾನ ಮಾಡಿ ಫೋನ್ ಇಟ್ಟೆ," ಎಂದಳು.

ಅದು ಆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಒಂದು ಶಬ್ದವೂ ತಿಳಿಯದ ಹುಡುಗಿ ಯಾಕೆ ಅತ್ತಳು, ಅವ್ವ ಅವಳಿಗೆ ಏನು ಹೇಳಿ ಸಮಾಧಾನ ಮಾಡಿದಳು ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅವ್ವ ಎದ್ದು ಬಾಯಿ ಮುಕ್ಕಳಿಸಿ, ಸೆರಗು ಸಿಕ್ಕಿಸಿಕೊಂಡಳು. ಹಾಸ್ಟೆಲಿನಲ್ಲಿ ಹಿಟ್ಟು ನಾದುವ ಹೊತ್ತಾಗಿತ್ತು. ನಾನೂ ಚಪ್ಪಲಿ ಮೆಟ್ಟಿ ಅವಳ ಜೊತೆ ಹೊರಟೆ.