ಮೊಪೆಡ್ಡಿನಿಂದ ಇಳಿದ ಮರ್ಯಾದೆ

ಕುರುಗೋಡಿನಲ್ಲಿ ಹಿರಿಯರು ಎದುರಾದರೆ ಸೈಕಲ್ಲಿನಿಂದ ಇಳಿಯಲೇಬೇಕು. ಇಳಿಯುವ ರೀತಿ ಮಾತ್ರ ಒಬ್ಬೊಬ್ಬರದು ಒಂದೊಂದು. ನಮ್ಮ ಗಣಿತದ ಮೇಷ್ಟ್ರು ಧೋತರ ಎತ್ತಿ ಹಿಡಿದು ಒಂದೇ ಕಾಲಲ್ಲಿ ಏಳೆಂಟು ಸಲ ಕುಪ್ಪಳಿಸಿ, ಆಮೇಲೆ ಇಳಿಯಬೇಕೋ ಬೇಡವೋ ಎಂದು ಯೋಚಿಸುವವರು. ಅಂಚೆಯಣ್ಣ ಇಳಿದ ಮೇಲೂ ಬೆಲ್ ಹೊಡೆಯುವವನು. ಇವರನ್ನೆಲ್ಲ ನಾನು ಸೈಕಲ್ಲೇ ಇಲ್ಲದೆ ಕಟ್ಟೆಯ ಮುಂದೆ ಅಣಕಿಸುತ್ತಿದ್ದೆ. ನನ್ನ ಹೆಸರು ಸಿರುಗುಪ್ಪದವರೆಗೂ ಹೋಯಿತು. ಅದೇ ಕುತ್ತಿಗೆಗೆ ಬಂತು.

ಹಿಂದಿನ ವರ್ಷ ಒಂದು ಮದುವೆಯಲ್ಲಿ ನನ್ನ ಅಣಕ ನೋಡಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕವಳು ನನಗೆ ಬೇಕೇಬೇಕಿತ್ತು. ಅವಳ ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯ ಗುಮಾಸ್ತರು. ನಮ್ಮ ಮನೆಯವರು ಹೆಣ್ಣು ಕೇಳಲು ಹೋದಾಗ, ಹುಡುಗನಿಗೆ ದೊಡ್ಡವರೆಂದರೆ ಮರ್ಯಾದೆ ಇಲ್ಲವಂತೆ, ಕಣ್ಣಾರೆ ನೋಡಿ ಆಮೇಲೆ ಹೇಳುತ್ತೇನೆ ಎಂದಿದ್ದರು.

ಅಷ್ಟರಲ್ಲಿ ನಮ್ಮ ಕಡೆ ಮೊಪೆಡ್ಡುಗಳು ಬಂದಿದ್ದವು. ಸೈಕಲ್ ತುಳಿಯುತ್ತ ಹೋದರೆ ಹೆಣ್ಣು ಕೊಡುವುದಿಲ್ಲ ಎಂದು ಬಳ್ಳಾರಿಯ ಸೋದರಮಾವ ತನ್ನ ಮೊಪೆಡ್ ಕೊಟ್ಟ. ಓಡಿಸುವುದನ್ನು ಕಲಿಸಿದ. ಇಳಿಯುವುದನ್ನು ಕಲಿಸಲಿಲ್ಲ.

ನಾನು ಸಿರುಗುಪ್ಪ ಮುಟ್ಟಿದಾಗ ಗಿರಣಿಯ ಮುಂದೆ ರಸ್ತೆಯುದ್ದಕ್ಕೂ ಭತ್ತ ಒಣಹಾಕಿದ್ದರು. ಗುಮಾಸ್ತರು ಛತ್ರಿ ಹಿಡಿದು ಎದುರಿಗೇ ನಡೆದು ಬಂದರು. ನನ್ನ ಕಾಲು ಯಾರನ್ನೂ ಕೇಳಲಿಲ್ಲ. ಸೈಕಲ್ಲಿನ ಅಭ್ಯಾಸದಂತೆ ಬಲಗಾಲು ಹಿಂದಿನಿಂದ ಹಾರಿ ನೆಲ ಮುಟ್ಟಿತು. ಬೀಳುವ ಭಯಕ್ಕೆ ಹ್ಯಾಂಡಲ್ ಗಟ್ಟಿಯಾಗಿ ಹಿಡಿದೆ, ಎಕ್ಸಿಲರೇಟರ್ ತಿರುಗಿತು. ಮೊಪೆಡ್ ಮುಂದೆ, ನಾನು ಹಿಂದೆ. 'ನಮ' ಅವರ ಮುಂದೆ ಆಯಿತು, 'ಸ್ಕಾರ' ಅವರನ್ನು ದಾಟಿದ ಮೇಲೆ, 'ರೀ' ಭತ್ತದ ರಾಶಿಯೊಳಗೆ.

ಹೆಣ್ಣು ಹೋಯಿತು ಎಂದುಕೊಂಡು ಬಾಯೊಳಗಿನ ಭತ್ತ ಉಗಿಯುತ್ತ ಕೂತೆ. ಗುಮಾಸ್ತರು ಬಂದು ನಿಂತರು.

"ಪೆಟ್ಟಾತೇನು?"

"ಇಲ್ರಿ."

"ಈ ಗಾಡಿ ಬಂದಾಗಿಂದ ನನ್ನ ನೋಡಿ ಒಬ್ಬನೂ ಇಳದಿಲ್ಲ. ಭರ್ರಂತ ಮಣ್ಣು ಹಾರಿಸಿ ಹೊಕ್ಕಾರ. ನೀವು ಇಳದ್ರಿ. ಗಾಡಿ ನಿಲ್ಲಲಿಲ್ಲ, ಅದು ಗಾಡಿ ತಪ್ಪು. ಏಳ್ರಿ, ಮನಿಗೆ ಹೋಗೂಣು."

ಮದುವೆಯಾಯಿತು. ಈಗ ನಾಲ್ಕು ಜನ ಸೇರಿದರೆ ಅಣಕಿಸು ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ನನ್ನ ಹೆಂಡತಿ ಸೆರಗು ಸಿಕ್ಕಿಸಿ, ಎರಡೂ ಕೈ ಮುಂದೆ ಚಾಚಿ, 'ನಮಸ್ಕಾರ್ರೀ' ಎನ್ನುತ್ತ ಪಡಸಾಲೆಯಿಂದ ಅಡುಗೆಮನೆಯವರೆಗೆ ಓಡುತ್ತಾಳೆ. ಮಾವನವರು ಇನ್ನೊಮ್ಮೆ ಮಾಡು ಎನ್ನುತ್ತಾರೆ.